ವಿಶ್ವಾಸೋತ್ಪತ್ತಿ ಮೀಮಾಂಸೆ: ಸಂಪು ತೊಳೆಯುವವರ ಜಾಲತಾಣವನ್ನು ಕುರಿತು

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧಗಳೆಂಬ ಅನುಬಂಧ ಚತುಷ್ಟಯವನ್ನು ಮೊದಲು ಹೇಳಬೇಕು. ಕಾವೇರಿ ನೀರು ಬಂದಾಗ ತುಂಬಿಕೊಂಡು, ಬಾರದಾಗ ಟ್ಯಾಂಕರಿಗೆ ಬಾಯಿ ತೆರೆದಿರುವ ಬೆಂಗಳೂರಿನ ನೆಲದಡಿಯ ತೊಟ್ಟಿಯೇ ಸಂಪು; ಅದನ್ನು ತೊಳೆದುಕೊಡುವ ಸಣ್ಣ ಸಂಸ್ಥೆಯ ಜಾಲತಾಣದಲ್ಲಿ ನಂಬಿಕೆ ಹುಟ್ಟುವ ಬಗೆಯೇ ಇಲ್ಲಿಯ ವಿಷಯ. ಫೋನು ಬರುವುದೇ ಪ್ರಯೋಜನ. ನಲ್ಲಿ ನೀರು ವಾಸನೆಯೆಂದು ಬಾಡಿಗೆದಾರರಿಂದ ಎರಡು ಸಲ ಹೇಳಿಸಿಕೊಂಡೂ ಸುಮ್ಮನಿದ್ದು, ಮೂರನೆಯ ಸಲ ಮೊಬೈಲು ಕೈಗೆತ್ತಿಕೊಂಡ ಮನೆ ಮಾಲೀಕನೇ ಅಧಿಕಾರಿ. ಸಂಬಂಧವು ಮುಂಗಡ ಕೊಟ್ಟೊಡನೆ ತಾನಾಗಿಯೇ ಏರ್ಪಡುವುದರಿಂದ ವಿವರಣೆ ಬೇಕಿಲ್ಲ.

ಇನ್ನು ಪೂರ್ವಪಕ್ಷ, ಎಂದರೆ ಖಂಡಿಸುವ ಸಲುವಾಗಿಯೇ ಮೊದಲು ಮಂಡಿಸುವ ಎದುರಾಳಿಯ ವಾದ: ವಿಳಾಸದ ಪಕ್ಕದಲ್ಲಿ ಬೀಗದ ಗುರುತಿದ್ದರೆ ತಾಣವು ನಂಬಲರ್ಹ. ಇದಕ್ಕೆ ಅತಿವ್ಯಾಪ್ತಿ ದೋಷ, ಅಂದರೆ ಲಕ್ಷಣವು ತನಗೆ ಸಲ್ಲದ ವಸ್ತುವಿಗೂ ಅಂಟಿಕೊಳ್ಳುವ ದೋಷ ತಗಲುತ್ತದೆ. ನಡುದಾರಿಯಲ್ಲಿ ಯಾರೂ ಮಾತನ್ನು ಕದ್ದು ಕೇಳಲಾರರೆಂದಷ್ಟೇ ಬೀಗವು ಹೇಳುತ್ತದೆ. ಆಚೆ ತುದಿಯಲ್ಲಿ ಕೂತವನೇ ಕಳ್ಳನಾಗಿದ್ದರೆ ಅವನೊಡನೆ ವ್ಯವಹಾರವು ಪರಮ ಗೋಪ್ಯವಾಗಿ ನಡೆಯುತ್ತದೆ. ಗೂಗಲ್ ಕ್ರೋಮ್ 2023ರಲ್ಲಿ ಆ ಬೀಗದ ಚಿಹ್ನೆಯನ್ನೇ ಕೈಬಿಟ್ಟಿತು. ಹಾಗೆಂದು ಗೂಢಲಿಪಿಯಿಲ್ಲದ ತಾಣವನ್ನು ಇಟ್ಟುಕೊಳ್ಳುವಂತೆಯೂ ಇಲ್ಲ, ಏಕೆಂದರೆ 2018ರಿಂದ ಅದೇ ಕ್ರೋಮ್ ಅಂಥವುಗಳಿಗೆ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಹಚ್ಚುತ್ತಿದೆ.

ಆದ್ದರಿಂದ ನೈಯಾಯಿಕರ, ಅಂದರೆ ತರ್ಕಶಾಸ್ತ್ರಜ್ಞರ, ನಾಲ್ಕು ಪ್ರಮಾಣಗಳಿಗೆ, ಎಂದರೆ ಸರಿಯಾದ ಅರಿವು ಹುಟ್ಟುವ ದಾರಿಗಳಿಗೆ, ಶರಣು ಹೋಗುವುದೇ ಲೇಸು. ಮೊದಲನೆಯದು ಪ್ರತ್ಯಕ್ಷ. ಹೆಚ್ಚಿನ ತಾಣಗಳ ನೆತ್ತಿಯಲ್ಲಿ ಹೆಡ್‌ಸೆಟ್ ಸಿಕ್ಕಿಸಿಕೊಂಡು ನಗುವ ತರುಣಿಯೊಬ್ಬಳಿರುತ್ತಾಳೆ. ಅವಳೇ ಹಲ್ಲಿನ ಕ್ಲಿನಿಕ್ಕಿನಲ್ಲೂ, ಸಾಲ ಕೊಡುವವರಲ್ಲೂ, ಸೊಳ್ಳೆಪರದೆ ಹಾಕುವವರಲ್ಲೂ ಏಕಕಾಲಕ್ಕೆ ನೌಕರಿಯಲ್ಲಿರುವುದರಿಂದ ಅವಳ ಸರ್ವವ್ಯಾಪಕತ್ವವು ಬ್ರಹ್ಮವಸ್ತುವಿಗೆ ಸಮೀಪವಾದುದು; ಅವಳು ಸಂಪಿಗೆ ಇಳಿಯುವ ಸಂಭವ ಮಾತ್ರ ಇಲ್ಲ. ಇದಕ್ಕೆ ಪ್ರತಿಯಾಗಿ ಮೊಬೈಲಿನಲ್ಲಿ ಸೊಟ್ಟಗೆ ತೆಗೆದ ಒಂದು ಚಿತ್ರವನ್ನು ಪರಿಶೀಲಿಸಬೇಕು: ಸರಿಸಿಟ್ಟ ಕಬ್ಬಿಣದ ಮುಚ್ಚಳ, ಒಳಗೆ ಪ್ಯಾಂಟು ಮಡಚಿ ನಿಂತ ಕೆಲಸಗಾರ, ಅವನ ಬಕೆಟ್ಟಿನಲ್ಲಿ ಕಪ್ಪು ಕೆಸರು, ಅಂಚಿನಲ್ಲಿ ಆ ಮನೆಯ ನಾಯಿಯ ಅರ್ಧ ಬಾಲ. ನಾಯಿಯ ಬಾಲವನ್ನು ಮುಂದಾಲೋಚಿಸಿ ಇರಿಸುವಷ್ಟು ವ್ಯವಧಾನ ವಂಚಕನಿಗೆ ಇರುವುದಿಲ್ಲವಾದ್ದರಿಂದ ಅದು ಪರಮಪ್ರಮಾಣ. ತಾಣದ ಚೆಲುವನ್ನೇ ನೆಚ್ಚುವ ಪಂಥವೂ ನಿರಾಧಾರವಲ್ಲವೆಂದು ಒಪ್ಪಬೇಕು, ಜಾಲತಾಣಗಳ ನಂಬಲರ್ಹತೆಯನ್ನು ಕುರಿತ 2002ರ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಭಾಗವಹಿಸಿದವರ ಅರ್ಧಕ್ಕೆ ಸಮೀಪದ ಟಿಪ್ಪಣಿಗಳು ರೂಪವನ್ನೇ ಎತ್ತಿ ಆಡಿದ್ದವು.

ಅನುಮಾನವು ಪುಟದ ಬುಡದಲ್ಲಿ ವಾಸಿಸುತ್ತದೆ. ಅಲ್ಲಿ ಹಕ್ಕುಸ್ವಾಮ್ಯದ ವರ್ಷ 2017 ಎಂದಿದ್ದರೆ, ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಅಂಗಡಿ ಎತ್ತಿದ್ದಾರೆಂದು ಅಧಿಕಾರಿಯು ಊಹಿಸುವನು. ‘ನಮ್ಮ ಸೇವೆಗಳು’ ಎಂಬುದರ ಕೆಳಗೆ ಲೋರೆಮ್ ಇಪ್ಸಮ್ ಎಂಬ ಭರ್ತಿ ಪಠ್ಯ ಹಾಗೆಯೇ ಉಳಿದಿದ್ದರಂತೂ ಅನರ್ಥ, ಕ್ರಿ.ಪೂ. 45ರಲ್ಲಿ ಸಿಸೆರೊ ಬರೆದ ಗ್ರಂಥದಿಂದ ಚೂರುಚೂರಾಗಿ ಇಳಿದುಬಂದ ಆ ಲ್ಯಾಟಿನ್, ಮೂಲದಲ್ಲಿ ಸುಖದುಃಖಗಳ ವಿಚಾರವಾದರೂ, ಸಂಪಿನ ದುಃಖವನ್ನು ಮುಟ್ಟುವುದಿಲ್ಲ. ಉಪಮಾನವನ್ನು ಇಲ್ಲಿ ಕೈಬಿಡಲಾಗಿದೆ, ಏಕೆಂದರೆ ಎಲ್ಲರೂ ‘ನಗರದ ನಂ. 1’ ಆಗಿರುವಾಗ ಹೋಲಿಸಲು ಎರಡನೆಯವನೇ ಸಿಗುವುದಿಲ್ಲ.

ಶಬ್ದಪ್ರಮಾಣವೆಂದರೆ ಆಪ್ತವಾಕ್ಯ, ಅಂದರೆ ತಿಳಿದವನೂ ಸುಳ್ಳಾಡದವನೂ ಆದವನ ಮಾತು. ‘ಸೂಪರ್ ಸರ್ವಿಸ್, ಐದು ನಕ್ಷತ್ರ, ಇಂತಿ ಎಸ್.ಕೆ., ಬೆಂಗಳೂರು’ ಎಂಬುದು ಈ ಲಕ್ಷಣಕ್ಕೆ ಹೊಂದದು. ಮಾರುವವನೇ ಗ್ರಾಹಕನ ವೇಷದಲ್ಲಿ ವಿಮರ್ಶೆ ಬರೆಯಬಾರದೆಂದು 2020ರ ಗ್ರಾಹಕ ರಕ್ಷಣಾ (ಇ-ಕಾಮರ್ಸ್) ನಿಯಮಗಳು ಹೇಳುತ್ತವೆ. ಹೊಗಳುವವನೂ ಹೊಗಳಿಸಿಕೊಳ್ಳುವವನೂ ಒಬ್ಬನೇ ಎಂಬ ಅದ್ವೈತಕ್ಕೆ ಸರ್ಕಾರದ ಸಮ್ಮತಿಯಿಲ್ಲ. ‘ಹತ್ತಕ್ಕೆ ಅಂದವರು ಹನ್ನೆರಡೂವರೆಗೆ ಬಂದರು, ಆದರೆ ಮೂಲೆಗಳನ್ನೂ ಬಿಡದೆ ಉಜ್ಜಿದರು’ ಎಂಬ ಅರೆ ದೂರು, ಅದರ ಕೆಳಗೆ ‘ಗಾಡಿ ಪಂಕ್ಚರ್ ಆಗಿತ್ತು ಮೇಡಂ, ತಪ್ಪಾಯಿತು’ ಎಂಬ ಮಾಲೀಕನ ಉತ್ತರ, ಇವೆರಡೂ ಕೂಡಿದರೆ ನೂರು ನಕ್ಷತ್ರಗಳು ಮಂಕಾಗುತ್ತವೆ.

ಕಡೆಗೆ ಜಿಎಸ್‌ಟಿ ಸಂಖ್ಯೆಯೆಂಬ ಪಂಚದಶಾಕ್ಷರಿ ಮಂತ್ರ. ಅದರ ಮೊದಲೆರಡು ಅಂಕೆ 29 ಆದರೆ ಕರ್ನಾಟಕದ ನೋಂದಣಿ, ಮುಂದಿನ ಹತ್ತು ಅಕ್ಷರಗಳು ಪ್ಯಾನ್; ಜಿಎಸ್‌ಟಿ ಪೋರ್ಟಲಿನಲ್ಲಿ ಜಪಿಸಿದ ಕೂಡಲೇ ನೋಂದಾಯಿತ ಹೆಸರು ಪ್ರತ್ಯಕ್ಷವಾಗುತ್ತದೆ. ಆದರೆ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸೇವಾದಾರನಿಗೆ ಸಾಮಾನ್ಯವಾಗಿ ಈ ನೋಂದಣಿ ಕಡ್ಡಾಯವಲ್ಲವಾದ್ದರಿಂದ, ಪ್ರಾಮಾಣಿಕನಾದ ಬಡವನನ್ನು ಹೊರಗಿಡುವ ಅವ್ಯಾಪ್ತಿ ದೋಷವು ಇಲ್ಲಿದೆ. ಅಂಥವನು ಅಂಗಡಿಯ ಗುರುತಿಗೆ ಪಕ್ಕದ ದೇವಸ್ಥಾನವನ್ನು ಹೆಸರಿಸಿ, ಲೀಟರಿಗೆ ತಕ್ಕ ದರಪಟ್ಟಿ ಹಾಕಿ, ‘ಬಿರುಕು ಮುಚ್ಚುವ ಕೆಲಸ ನಮ್ಮಲ್ಲಿಲ್ಲ’ ಎಂದು ಬರೆದರೆ ಸಾಕು. ದರಪಟ್ಟಿಯ ಕೆಳಗೆ ‘ಷರತ್ತುಗಳು ಅನ್ವಯ’ ಎಂದು ಸಣ್ಣಕ್ಷರದಲ್ಲಿ ಸೇರಿಸಬಹುದೇ ಎಂಬ ಬಗ್ಗೆ ತಾಣದ ಮಾಲೀಕರ ಮತಕ್ಕೂ ಅಧಿಕಾರಿಗಳ ಮತಕ್ಕೂ ಈವರೆಗೆ ಸಮನ್ವಯವಾಗಿಲ್ಲ.