ಹೋಗಲೊಲ್ಲದ ಡ್ರೈವರು

ಸಾಫ್ಟ್‌ವೇರ್ ಹಾಕಲು ಬಲ್ಲವರು ಊರತುಂಬ ಸಿಗುತ್ತಾರೆ. ತೆಗೆಯಲು ಬಲ್ಲವರನ್ನು ಹುಡುಕಬೇಕು. ರಾಯಬಾಗದಲ್ಲಿ ನಮ್ಮ ಸೋದರಳಿಯನದೊಂದು ಅಂಗಡಿ. ಲಗ್ನಪತ್ರಿಕೆ, ಉತಾರದ ಝೆರಾಕ್ಸ್, ಕನ್ನಡ ಮರಾಠಿ ಎರಡೂ ಟೈಪಿಂಗ್. ಉಬುಂಟುವಿನಲ್ಲಿ ಪ್ರಿಂಟರ್ ಡ್ರೈವರ್ ಅಪ್‌ಡೇಟ್ ಆಗುವಾಗ ಕರೆಂಟ್ ಹೋಯಿತು. ಆಮೇಲೆ ಅದನ್ನು ತೆಗಿ ಎಂದರೆ ತೆಗೆಯದು, ಹೊಸದು ಹಾಕು ಎಂದರೆ ಹಾಕದು. ಬೇರೆ ಏನು ಕೇಳಿದರೂ ಪ್ಯಾಕೇಜು ಹಾಕಿ ತೆಗೆಯುವ ಆಪ್ಟ್, ಮೊದಲು ಇದರ ನ್ಯಾಯ ಮುಗಿಸಿ ಬಾ ಎನ್ನುತ್ತದೆ.

“ಮಾಮಾ, ಫಾರ್ಮ್ಯಾಟ್ ಹೊಡದ ಬಿಡೂಣೇನ್ರಿ?”

ನಮ್ಮ ಕಡೆ ಎಲ್ಲ ರೋಗಕ್ಕೂ ಅದೊಂದೇ ಮದ್ದು.

“ತಡಿಯೋ, ಮೊದ್ಲ ಅದು ಏನ್ ಬೈತೈತಿ ಓದೂಣು.”

ಉಬುಂಟು, 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ ಡೆಬಿಯನ್ ಮನೆತನದ್ದು. ಆ ಮನೆತನದ ರಿವಾಜಿನಂತೆ ಪ್ಯಾಕೇಜನ್ನು ತೆಗೆಯುವ ಮುಂಚೆ ಅದರದೇ ‘ಪ್ರಿಆರ್‌ಎಂ’ ಸ್ಕ್ರಿಪ್ಟ್ ಇದ್ದರೆ ಅದು ಓಡಬೇಕು. ಹೊಸ ಆವೃತ್ತಿ ಹಾಕುವಾಗಲೂ ಹಳೆಯದರ ಸ್ಕ್ರಿಪ್ಟಿಗೇ ಮೊದಲ ಮರ್ಯಾದೆ. ಇಲ್ಲಿ ಅದು ಇಲ್ಲದ ಸರ್ವಿಸನ್ನು ನಿಲ್ಲಿಸಲು ಹೋಗಿ, ಸಿಗಲಿಲ್ಲವೆಂದು 1 ಎಂಬ ಉತ್ತರ ಕೊಟ್ಟು ಕೂತಿತ್ತು. ಆಪ್ಟ್‌ನ ಕೆಳಗಿದ್ದು ಈ ಕೆಲಸ ಮಾಡುವ ಡಿಪಿಕೆಜಿಯ ಲೆಕ್ಕದಲ್ಲಿ ಸೊನ್ನೆ ಬಂದರೆ ಪಾಸು, ಮಿಕ್ಕಿದ್ದೆಲ್ಲ ನಪಾಸು. ನಮ್ಮ ಸಾಲಿಗಳಿಗೆ ಪೂರ್ತಿ ಉಲ್ಟಾ.

‘/ವಾರ್/ಲಿಬ್/ಡಿಪಿಕೆಜಿ/ಇನ್ಫೊ’ ಒಳಗಿನ ಆ ಫೈಲಿನದೊಂದು ಪ್ರತಿ ತೆಗೆದಿಟ್ಟು, ಎರಡನೇ ಸಾಲಿಗೆ ‘ಎಕ್ಸಿಟ್ 0’ ಎಂದು ಬರೆದೆವು. ಅದರ ಕೆಳಗಿನ ತಕರಾರೆಲ್ಲ ಓದುವವರಿಲ್ಲದೆ ಉಳಿಯಿತು. ಮತ್ತೆ ತೆಗಿ ಎಂದದ್ದೇ ತಡ, ಪ್ಯಾಕೇಜು ಚಕಾರವೆತ್ತದೆ ಜಾಗ ಖಾಲಿ ಮಾಡಿತು.

ಅಳಿಯ ಮಾತ್ರ ಫಾರ್ಮ್ಯಾಟಿನ ಪೆನ್‌ಡ್ರೈವನ್ನು ಇನ್ನೂ ಕಿಸೆಯಲ್ಲೇ ಇಟ್ಟುಕೊಂಡಿದ್ದಾನೆ.