ಪಡಸಾಲಿ ಮಾಸ್ತರ

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಸಾಲಿ ಮುಚ್ಚಿದಾಗ, ಇಂಡಿ ಊರಿನ ನಮ್ಮ ಮನೆಯ ಪಡಸಾಲಿಯಲ್ಲಿ ಮಕ್ಕಳಿಗೆ ನಾನೇ ಮಾಸ್ತರನಾದೆ. ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಬಿಟ್ಟರೆ ಬೇರೆ ವಿದ್ಯೆ ನನಗಿರಲಿಲ್ಲ. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಅವ್ವ ಅದನ್ನು ನೋಡಿ, "ಪ್ರಾರ್ಥನಾಕ್ಕಿಂತ ಮದಲ ಚಾ ಕುಡೀತೀಯೇನಪಾ?" ಅಂದಳು. ಕುಡಿದೆ. ಮೊದಲ ಪಿರಿಯಡ್ಡು ಅಲ್ಲಿಗೇ ಮುಗಿಯಿತು.

ಗಣಿತಕ್ಕೆ ನಮ್ಮೂರ ಲಿಂಬಿಕಾಯಿ ಇರುವಾಗ ಮಣಿಚೌಕಟ್ಟು ಯಾಕೆ? ಇಪ್ಪತ್ತು ಇಟ್ಟು, "ಐದು ತಗದರ ಎಷ್ಟು ಉಳೀತಾವು?" ಎಂದು ಕೇಳಿದೆ. ಎಣಿಸಿದರೆ ಹನ್ನೊಂದು! ನಡುವೆ ನಾಲ್ಕನ್ನು ಅವ್ವ ಉಪ್ಪಿನಕಾಯಿಗೆ ಒಯ್ದಿದ್ದಳು. "ನಮ್ಮ ಟೀಚರ್ ಹುಣಸಿಬೀಜ ಇಟ್ಟು ಕಲಸ್ತಾರ, ಅವನ್ನ ಯಾರೂ ಒಯ್ಯಂಗಿಲ್ಲ" ಅಂದ ಆರು ವರ್ಷದ ಮಗ.

ಚರಿತ್ರೆಗೆ ಹಾರಿದೆ. "ಬಸವಣ್ಣನವರು ಎಲ್ಲಿ ಹುಟ್ಟಿದರು?" ಮಗಳು, "ಬಾಗೇವಾಡ್ಯಾಗ! ಅಲ್ಲೇ ಅತ್ತಿ ಇದ್ದಾಳ, ಹೋಗೂಣು ನಡಿ" ಎಂದು ಚೀಲ ತುಂಬಿಯೇಬಿಟ್ಟಳು. ಬಸ್ಸುಗಳು ಬಂದ್ ಆಗಿವೆ ಎಂದು ತಿಳಿಹೇಳುವುದರಲ್ಲಿ ಭೂಗೋಳ, ಪೌರನೀತಿ ಎರಡೂ ಮುಗಿದವು. ಅವ್ವ ತಾಟು ಬಡಿದಳು. ಊಟಕ್ಕೆ ಎಲ್ಲರಿಗಿಂತ ಮುಂದೆ ಓಡಿದವ ಮಾಸ್ತರ.

ಆಗಸ್ಟಿನಲ್ಲಿ ಸರ್ಕಾರದ 'ವಿದ್ಯಾಗಮ' ಯೋಜನೆ ಶುರುವಾಗಿ, ಸಾಲಿ ಮಾಸ್ತರು ಓಣಿಯ ಗುಡಿಕಟ್ಟೆಗೇ ಬಂದರು. ಅವರಿಗೆ ಚಾಪೆ ಹಾಸಿದವನು ನಾನೇ.