ವಿಜಯಮುದ್ರಾ ವಿಲೋಮ ಸಿದ್ಧಾಂತ

ಮೊದಲಿಗೆ ಪ್ರಮಾಣದ ವಿಚಾರ. ಈ ಶಾಸ್ತ್ರಕ್ಕೆ ಆಧಾರವಾದ ರೋಮನ್ ನಾಣ್ಯಸಂಗ್ರಹದಲ್ಲಿ ಒಟ್ಟು ಒಂದು ನಾಣ್ಯವಿದೆ. ಒಂದು ಅಗುಳು ಹಿಸುಕಿ ಇಡೀ ಅನ್ನದ ಹದ ಹೇಳುವ ಸ್ಥಾಲೀಪುಲಾಕ ನ್ಯಾಯವನ್ನು ಹಿರಿಯರು ಒಪ್ಪಿರುವುದರಿಂದ ಎರಡನೆಯದಕ್ಕೆ ದುಡ್ಡು ಹಾಕುವುದು ಶಾಸ್ತ್ರಸಮ್ಮತವಲ್ಲ. ಮಿಕ್ಕವನ್ನು ಪುಸ್ತಕದಲ್ಲೋ ಮ್ಯೂಸಿಯಮ್ಮಿನ ಗಾಜಿಗೆ ಮೂಗು ಒತ್ತಿಯೋ ನೋಡಿದ್ದೇನೆ. ಮೂಗೊತ್ತುವುದನ್ನೂ ಸಂಗ್ರಹವೆಂದೇ ಎಣಿಸತಕ್ಕದ್ದು.

ಸೂತ್ರ: ನಾಣ್ಯದಲ್ಲಿ ಬೆಳ್ಳಿ ಇಳಿದಷ್ಟೂ ವಿಜಯ ಏರುತ್ತದೆ.

ಇದಕ್ಕೆ ಭಾಷ್ಯ. ರೋಮಿನ ವಿಜಯದೇವತೆ ವಿಕ್ಟೋರಿಯಾ. ಬೆನ್ನಿಗೆ ರೆಕ್ಕೆ, ಒಂದು ಕೈಯಲ್ಲಿ ಎಲೆಯ ಹಾರ, ಇನ್ನೊಂದರಲ್ಲಿ ಖರ್ಜೂರದ ಗರಿ. ಕ್ರಿ.ಪೂ. 211ರ ಸುಮಾರಿಗೆ, ಕಾರ್ಥೇಜಿನ ಸೇನಾನಿ ಹ್ಯಾನಿಬಲ್ ಇನ್ನೂ ಇಟಲಿಯೊಳಗೇ ಠಿಕಾಣಿ ಹೂಡಿದ್ದಾಗ, ರೋಮ್ ಈಕೆಯ ಹೆಸರಿನಲ್ಲೇ 'ವಿಕ್ಟೋರಿಯಾಟಸ್' ಎಂಬ ನಾಣ್ಯ ಹೊರಡಿಸಿತು. ಹಿಮ್ಮುಖದಲ್ಲಿ ದೇವಿ, ಸೋತ ಶತ್ರುವಿನ ಕವಚ ನೇತುಹಾಕಿದ ಕಂಬಕ್ಕೆ ಹಾರ ತೊಡಿಸುತ್ತಿದ್ದಾಳೆ. ಶತ್ರು ಅಂಗಳದಲ್ಲಿದ್ದಾನೆ, ಹಾರ ಆಗಲೇ ಕಟ್ಟಿಯಾಗಿದೆ! ಅದೇ ಕಾಲದ ಬೆಳ್ಳಿ ನಾಣ್ಯವಾದ ಡಿನೇರಿಯಸ್‌ನಷ್ಟು ಬೆಳ್ಳಿಯೂ ಇದರಲ್ಲಿರಲಿಲ್ಲ. ಸೂತ್ರ ಹುಟ್ಟಿದ್ದು ಇಲ್ಲಿ.

ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಪೂರ್ವಪಕ್ಷಿ ಎಂದರೆ ನನ್ನ ಭಾವಮೈದ. ಬ್ಯಾಂಕಿನಲ್ಲಿದ್ದಾನಾದ್ದರಿಂದ ಎಲ್ಲ ಕಾಲದ ದುಡ್ಡೂ ತನ್ನ ಸುಪರ್ದಿಗೆ ಬರುತ್ತದೆಂದು ನಂಬಿದ್ದಾನೆ. "ಭಾವ, ಅಗಸ್ಟಸ್‌ನ ಬೆಳ್ಳಿ ಚೊಕ್ಕ ಇತ್ತಲ್ಲ? ಅವನೂ ವಿಜಯ ಅಚ್ಚು ಹಾಕಿಸಿದ್ದಾನಲ್ಲ?"

ಸಮಾಧಾನ. ಕ್ರಿ.ಪೂ. 53ರಲ್ಲಿ ಕಾರೆ ಎಂಬಲ್ಲಿ ಪಾರ್ಥಿಯನ್ನರು ದಂಡನಾಯಕ ಕ್ರಾಸಸ್‌ನನ್ನು ಕೊಂದು ರೋಮನ್ ಪಡೆಗಳ ಲಾಂಛನಗಳನ್ನು ಹೊತ್ತೊಯ್ದರು. ಕ್ರಿ.ಪೂ. 20ರಲ್ಲಿ ಅಗಸ್ಟಸ್ ಅವನ್ನು ಯುದ್ಧವಿಲ್ಲದೆ, ಮಾತುಕತೆಯಲ್ಲಿ ವಾಪಸು ಪಡೆದ. ನಾಣ್ಯದಲ್ಲಿ ಮಾತ್ರ ಪಾರ್ಥಿಯನ್ ಒಬ್ಬ ಮಂಡಿಯೂರಿ ಲಾಂಛನ ಒಪ್ಪಿಸುತ್ತಿದ್ದಾನೆ. ಆದ್ದರಿಂದ ಉಪಸೂತ್ರ: ಬೆಳ್ಳಿ ಚೊಕ್ಕವಿದ್ದಾಗ ಸುಳ್ಳೂ ಚೊಕ್ಕವಾಗಿರುತ್ತದೆ. ಭಾವಮೈದ ಇದನ್ನು ತಿದ್ದುಪಡಿ ಎನ್ನುತ್ತಾನೆ. ಶಾಸ್ತ್ರದಲ್ಲಿ ಇದಕ್ಕೆ ಅಪವಾದ ಎನ್ನುತ್ತಾರೆ.

ಈ ಚೊಕ್ಕ ಬೆಳ್ಳಿ ನಮ್ಮ ಚಂದ್ರವಳ್ಳಿ, ಯಶವಂತಪುರಗಳ ನೆಲದಲ್ಲೂ ಸಿಕ್ಕಿದೆ. ಆದರೆ ಭಾರತದಲ್ಲಿ ಹೆಚ್ಚಾಗಿ ಸಿಗುವ ಡಿನೇರಿಯಸ್‌ಗಳಲ್ಲಿ ದೇವಿಯಿಲ್ಲ: ಗುರಾಣಿ ಹಿಡಿದು ನಿಂತ ಅಗಸ್ಟಸ್‌ನ ಇಬ್ಬರು ಮೊಮ್ಮಕ್ಕಳು, ಇಲ್ಲವೇ ಟೈಬೀರಿಯಸ್‌ನ ನಾಣ್ಯದ, ಕುರ್ಚಿಯಲ್ಲಿ ಕೂತ ಹೆಂಗಸು. ಕ್ರಿ.ಶ. 64ರಲ್ಲಿ ನೀರೋ ಬೆಳ್ಳಿಗೆ ಕೈ ಹಾಕಿದ ಮೇಲೆ ಹೊಸ ಡಿನೇರಿಯಸ್ ಈ ಕಡೆ ಬರುವುದೇ ವಿರಳವಾಯಿತು. ನಮ್ಮ ಸೆಟ್ಟರು ಹಿಮ್ಮುಖ ಓದಿದವರಲ್ಲ, ಒರೆಗಲ್ಲು ಓದಿದವರು.

ಈಗ ಚಕ್ರವರ್ತಿ ಡೊಮಿಷಿಯನ್. ಇವನಿಗೆ ಈ ಶಾಸ್ತ್ರ ಚಿರಋಣಿ. ಕ್ರಿ.ಶ. 82ರಲ್ಲಿ ಬೆಳ್ಳಿಯನ್ನು ಏರಿಸಿದ, 85ರಲ್ಲಿ ಇಳಿಸಿದ. ಆ 85ರಲ್ಲೇ 'ಜರ್ಮೇನಿಯಾ ಕಾಪ್ಟಾ', ಅಂದರೆ ಜರ್ಮೇನಿಯಾ ಸೆರೆ ಸಿಕ್ಕಿತು ಎಂಬ ನಾಣ್ಯ ಬಂತು. ಸಿಕ್ಕಿರಲಿಲ್ಲ. ವಿಜಯೋತ್ಸವದ ಸೆರೆಯಾಳುಗಳು ಸಂತೆಯಲ್ಲಿ ಕೊಂಡು ತಂದು, ವೇಷ ಕೂದಲು ಸರಿಮಾಡಿದವರೆಂದು ಇತಿಹಾಸಕಾರ ಟ್ಯಾಸಿಟಸ್ ಕುಟುಕಿದ್ದಾನೆ. ನಾಣ್ಯದ ಮಾದರಿಯೂ ಅಪ್ಪನದು. ವೆಸ್ಪಾಸಿಯನ್‌ನ 'ಇಯೂಡಿಯಾ ಕಾಪ್ಟಾ'ದಲ್ಲಿ ಖರ್ಜೂರದ ಮರದ ಕೆಳಗೆ ಒಬ್ಬ ಹೆಂಗಸು ಮುದುಡಿ ಕೂತಿದ್ದಾಳೆ. ಅದು ನಿಜವಾದ ಗೆಲುವು. 70ರಲ್ಲಿ ಇಯೂಡಿಯಾದ ಜೆರುಸಲೇಂ ಬಿದ್ದಿತ್ತು. ಅಚ್ಚು ಕೆತ್ತಿದವನ ಕೈ ಮನಸ್ಸಿಟ್ಟು ಕೆಲಸ ಮಾಡಿರುವುದು ಮಾತ್ರ ಆ ಸೋತವಳ ಮೇಲೆ. ಸಿದ್ಧಾಂತಕ್ಕೆ ಇದರಿಂದ ಪ್ರಯೋಜನವಿಲ್ಲ. ಆದರೂ ಭೂತಗನ್ನಡಿಯನ್ನು ಅಲ್ಲಿಂದ ಕೀಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಸೂತ್ರದ ಪರಾಕಾಷ್ಠೆ ಕ್ರಿ.ಶ. 260. ಚಕ್ರವರ್ತಿ ವಲೇರಿಯನ್‌ನನ್ನು ಪರ್ಷಿಯದ ದೊರೆ ಶಾಪುರ್ ಜೀವಂತ ಸೆರೆಹಿಡಿದ. ಶಾಪುರ್ ಅದನ್ನು ನಕ್ಷ್-ಎ-ರುಸ್ತಮ್‌ನ ಬಂಡೆಯಲ್ಲಿ ಕೆತ್ತಿಸಿದ. ರೋಮಿನ ಟಂಕಸಾಲೆಗಳಲ್ಲಿ ಸೆರೆಯಾದವನ ಮಗ ಗ್ಯಾಲಿಯನಸ್‌ನ ಹೆಸರಲ್ಲಿ ದೇವಿ ಹಾರ ಹಿಡಿದು ಓಡುತ್ತಲೇ ಇದ್ದಳು. ಅವನ ಆಳ್ವಿಕೆ ಮುಗಿಯುವ ಹೊತ್ತಿಗೆ ನೂರಕ್ಕೆ ಐದು ಪಾಲು ಬೆಳ್ಳಿಯೂ ಉಳಿದಿರಲಿಲ್ಲ. ತಾಮ್ರದ ಪಾತ್ರೆಗೆ ಕಲಾಯಿ ಹಾಕಿದಂತೆ ಮೇಲೊಂದು ತೆಳುಪದರ ಅಷ್ಟೆ.

ಮುಂದೆ, 330ರಿಂದ, 'ಗ್ಲೋರಿಯಾ ಎಕ್ಸರ್ಸಿಟಸ್' ಎಂಬ 'ಸೇನೆಯ ಕೀರ್ತಿ'. ಇಬ್ಬರು ಸೈನಿಕರು, ನಡುವೆ ಎರಡು ಧ್ವಜ. ಐದೇ ವರ್ಷದಲ್ಲಿ ನಾಣ್ಯ ಕುಗ್ಗಿತು. ಇಬ್ಬರ ನಡುವೆ ಒಂದೇ ಧ್ವಜ. ಸೇನೆಯಲ್ಲೂ ಮಿತವ್ಯಯ.

ಕೊನೆಗೆ ನನ್ನ ಸಂಗ್ರಹ. ಚಕ್ರವರ್ತಿ ಕಾನ್‌ಸ್ಟಾಂಷಿಯಸ್ ಕಾಲದ 'ಫೆಲ್ ಟೆಂಪ್ ರೆಪಾರೇಷಿಯೋ', ಅರ್ಥಾತ್ 'ಸುಖದ ಕಾಲ ಮರಳಿತು'. ಈ ಘೋಷಣೆ 348ರದು. 350ರಲ್ಲಿ ಅವನ ತಮ್ಮನ ಕೊಲೆಯಾಯಿತು. 351ರಲ್ಲಿ ಮುರ್ಸಾದಲ್ಲಿ ರೋಮನ್ನರೇ ರೋಮನ್ನರನ್ನು ರಾಶಿರಾಶಿಯಾಗಿ ಕೊಂದರು. ಹುಣಸೆಬೀಜದಷ್ಟಿರುವ ಈ ತಾಮ್ರದ ಬಿಲ್ಲೆಯಲ್ಲಿ ಸೈನಿಕನೊಬ್ಬ ಶತ್ರುಸವಾರನನ್ನು ಈಟಿಯಿಂದ ತಿವಿಯುತ್ತಿರಬೇಕು. ಕುದುರೆ ಮುಗ್ಗರಿಸಿದೆ, ಸ್ಪಷ್ಟ. ಸವಾರ ಕೈಯೆತ್ತಿ ಬೀಳುತ್ತಿದ್ದಾನೆ, ಬೆರಳೂ ಕಾಣುತ್ತವೆ. ತಿವಿಯುವವನು ಸೊಂಟದವರೆಗೆ ಇದ್ದಾನೆ. ಅಚ್ಚು ಓರೆಯಾಗಿ ಬಿದ್ದು ಮೇಲಿನದೆಲ್ಲ ನಾಣ್ಯದಾಚೆ ಹೋಗಿದೆ.

ಭಾವಮೈದ ಬೆಳಕಿಗೆ ಹಿಡಿದು ನೋಡಿದ. "ಭಾವ, ಇದರಲ್ಲಿ ಗೆದ್ದವನ ತಲೆಯೇ ಇಲ್ಲವಲ್ಲ?"

ಮಾರಿದವನಿಗೆ ಫೋನ್ ಮಾಡಿ ಕೇಳಿದೆ.

"ತಲೆ ಇರೋದಾದ್ರೆ ಡಬಲ್ ರೇಟು ಸಾರ್."